ಮ್ಯಾಚ್ ಆಗದ ಡಾಕ್ಟರಮ್ಮ ಮತ್ತು ನಮ್ಮ ರೋಸ್ಟರ್ ಆಫೀಸು

ಸಿಡ್ನಿಯ ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ರೌಸ್ ಹಿಲ್‌ನ ಒಬ್ಬ ಹುಡುಗಿ ನನ್ನ ಪಕ್ಕ ಬಂದು ಕೂತಳು. ಅವಳಿಗೆ ಒಂದು ಆಸ್ಪತ್ರೆಯಲ್ಲಿ ಡಾಕ್ಟರರ ನೇಮಕಾತಿ ಮತ್ತು ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ನೋಡಿಕೊಳ್ಳುವ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತಂತೆ. "ಆಂಟಿ, ನೀವೂ ಅದೇ ಕೆಲ್ಸ ಮಾಡ್ತಿದ್ರಂತೆ. ಏನೇನ್ ಇರುತ್ತೆ?" ಎಂದು ಕೇಳಿದಳು. ಒಂದು ಹೋಳಿಗೆ ಮುಗಿಯುವುದರೊಳಗೆ ಹೇಳಿಬಿಡಬಹುದು ಎಂದುಕೊಂಡೆ. ಮೂರನೆಯ ಹೋಳಿಗೆ ಮುಗಿದರೂ ನಾನು ಇನ್ನೂ ಮೊದಲ ವರ್ಷದಲ್ಲೇ ಇದ್ದೆ. ಅದಕ್ಕೆ ಬರೆಯಲು ಕುಳಿತಿದ್ದೇನೆ.

ಕೆಲಸ ಇಷ್ಟೆ. ಡಾಕ್ಟರರನ್ನು ಆಸ್ಪತ್ರೆಗೆ ತರುವುದು, ತಂದವರನ್ನು ವಾರ್ಡುಗಳಿಗೆ ಹಂಚುವುದು, ಹಂಚಿದವರು ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ ಜ್ವರ ಎಂದರೆ ಏಳರೊಳಗೆ ಇನ್ನೊಬ್ಬರನ್ನು ಹುಡುಕುವುದು. ಜ್ವರ ಯಾವುದು, ಬೀಚು ಯಾವುದು ಎಂದು ದನಿಯಲ್ಲೇ ಗೊತ್ತಾಗಲು ಎರಡು ವರ್ಷ ಬೇಕು. ಬಡ್ತಿಯ ವಿಷಯ ಬಿಟ್ಟುಬಿಡುತ್ತೇನೆ. ಅಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ದೊಡ್ಡ ಬಡ್ತಿಯೆಂದರೆ ಕೈ ಇಡುವ ಆಸರೆ ಇದ್ದ ಕುರ್ಚಿ.

ನಾನು ಉದ್ಯಾವರದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಂಗ್ಲಿಷನ್ನು ಹೆಚ್ಚಾಗಿ ಟೈಪಿಂಗ್ ಕ್ಲಾಸಿನಲ್ಲಿ ಕಲಿತವಳು. ಗಂಡ ಫಿಟ್ಟರ್ ಕೆಲಸಕ್ಕೆ ಸಿಡ್ನಿಗೆ ಬಂದಾಗ ಜೊತೆಗೆ ಬಂದೆ. ಪ್ಯಾರಮಟ್ಟಾದಲ್ಲಿ ಒಂದು ಯುನಿಟ್, ಅಂದರೆ ಚಿಕ್ಕ ಫ್ಲ್ಯಾಟು, ಬಾಡಿಗೆಗೆ ಹಿಡಿದೆವು. ನಗರದ ಪಶ್ಚಿಮ ಭಾಗದ ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ಮೊದಲು ರೋಗಿಗಳ ಫೈಲು ಜೋಡಿಸುವ ಕೋಣೆಗೆ ಸೇರಿದೆ, ಆಮೇಲೆ ಈ ಆಫೀಸಿಗೆ ಬಂದೆ. ಜಲಜಾಕ್ಷಿ ಎಂಬ ನನ್ನ ಹೆಸರನ್ನು ಅಲ್ಲಿಯವರು ಮೂರು ದಿನ ಪ್ರಯತ್ನಿಸಿ ನಾಲ್ಕನೆಯ ದಿನ ಜಿಲ್ ಮಾಡಿದರು.

ನನ್ನ ಮೇಲಧಿಕಾರಿ ಗ್ಲೆನಿಸ್. ಅರವತ್ತರ ಹತ್ತಿರದವಳು, ಹಿಂದೆ ವಾರ್ಡ್ ಸಿಸ್ಟರ್ ಆಗಿದ್ದವಳು. ಊಟದ ಮೇಜಿನಷ್ಟು ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ರೋಸ್ಟರ್ ಬರೆಯುತ್ತಿದ್ದಳು. ಮುಂದೆ ಕಂಪ್ಯೂಟರ್ ರೋಸ್ಟರ್ ಬಂದಾಗಲೂ ಅದನ್ನು ಪ್ರಿಂಟ್ ತೆಗೆದು ಪೆನ್ಸಿಲಿನಲ್ಲೇ ತಿದ್ದುತ್ತಿದ್ದಳು. ನಾನು ಸೇರಿದ ದಿನ ಅವಳು ಹೇಳಿದ ಮಾತು ಈಗಿನವರಿಗೂ ಉಪಯೋಗಕ್ಕೆ ಬರುತ್ತದೆ. "ಡಾಕ್ಟರರಿಗೆ ಹೌದು ಅನ್ನು, ಇಲ್ಲ ಅನ್ನು. 'ನೋಡೋಣ' ಅನ್ನಬೇಡ. ನೋಡೋಣ ಅಂದರೆ ಅವರು ವಿಮಾನದ ಟಿಕೆಟ್ ಬುಕ್ ಮಾಡುತ್ತಾರೆ."

ನನ್ನ ಮೊದಲ ದೊಡ್ಡ ತಪ್ಪು ಲೀಗಳದ್ದು. ಆ ವರ್ಷ ನಮ್ಮಲ್ಲಿ ಡಾ. ಲೀ ಎಂಬ ಮೂವರು ಇದ್ದರು. ನಾನು ರೋಸ್ಟರಿನಲ್ಲಿ ಬರೀ 'ಲೀ' ಎಂದು ಬರೆದುಬಿಟ್ಟೆ. ಸೋಮವಾರ ಬೆಳಿಗ್ಗೆ ಮಕ್ಕಳ ವಾರ್ಡಿಗೆ ಮೂವರೂ ಹೋದರು, ಎಲುಬಿನ ವಾರ್ಡಿಗೆ ಯಾರೂ ಹೋಗಲಿಲ್ಲ. ಎಲುಬಿನ ಸರ್ಜನ್ ಕೈಗೆ ಮೆತ್ತಿದ ಪ್ಲಾಸ್ಟರ್ ಸಮೇತ ಆಫೀಸಿಗೆ ಬಂದು ನಿಂತರು. ತಪ್ಪು ತನ್ನದು ಎಂದು ಗ್ಲೆನಿಸ್ ಅವರನ್ನು ಸಮಾಧಾನ ಮಾಡಿ ಕಳಿಸಿದಳು. ಆಮೇಲೆ ಬಾಗಿಲು ಹಾಕಿ, ಲೀಗಳಿಗೆ ಬಣ್ಣ ಹಚ್ಚು ಎಂದು ನನಗೆ ಹೇಳಿದಳು. ಅಂದಿನಿಂದ ಹಳದಿ ಲೀ, ಗುಲಾಬಿ ಲೀ, ಹಸಿರು ಲೀ. ವರ್ಷದ ಕೊನೆಗೆ ಅವರೇ ಫೋನಿನಲ್ಲಿ "ನಾನು ಗುಲಾಬಿ" ಎಂದು ಹೇಳಿಕೊಳ್ಳುತ್ತಿದ್ದರು. ಗುಲಾಬಿ ಲೀ ಆರಡಿ ಎತ್ತರದ ಮನುಷ್ಯ.

ಇಷ್ಟೆಲ್ಲ ಹೇಳಿದ್ದು ಡಾ. ಗುರುದೇವಿಯವರ ಕಥೆಗೆ ಬರುವ ಮೊದಲು ಆಫೀಸಿನ ಪರಿಚಯ ಆಗಲಿ ಎಂದು.

ಎರಡು ಸಾವಿರದ ಇಸವಿ ಕಳೆದು ನಾಲ್ಕಾರು ವರ್ಷಗಳಾಗಿದ್ದವು. ಆಗ ಹೊರದೇಶದಿಂದ ಬಂದ ಡಾಕ್ಟರರು ಇಲ್ಲಿ ಬರವಣಿಗೆಯ ಪರೀಕ್ಷೆ ಪಾಸಾಗಬೇಕಿತ್ತು, ಆಮೇಲೆ ರೋಗಿಗಳನ್ನು ಮುಂದಿಟ್ಟು ಮಾಡುವ ಪರೀಕ್ಷೆ ಪಾಸಾಗಬೇಕಿತ್ತು. ಎರಡೂ ಆದ ಮೇಲೆ ಯಾವುದಾದರೂ ಆಸ್ಪತ್ರೆಯಲ್ಲಿ ರೆಸಿಡೆಂಟ್ ಆಗಿ, ಹಿರಿಯರ ಕಣ್ಣೆದುರು ಒಂದು ವರ್ಷ ದುಡಿಯಬೇಕು. ಆ ಒಂದು ವರ್ಷದ ಜಾಗ ಸಿಗದಿದ್ದರೆ ಎರಡು ಪರೀಕ್ಷೆಯ ಪ್ರಮಾಣಪತ್ರಗಳನ್ನು ಗೋಡೆಗೆ ತೂಗುಹಾಕಬಹುದು, ಅಷ್ಟೆ. ಜಾಗಗಳ ಹಂಚಿಕೆ ವರ್ಷಕ್ಕೊಮ್ಮೆ. ಡಾಕ್ಟರರು ತಮಗೆ ಬೇಕಾದ ಆಸ್ಪತ್ರೆಗಳನ್ನು ಒಂದು, ಎರಡು, ಮೂರು ಎಂದು ಬರೆಯುತ್ತಾರೆ. ಆಸ್ಪತ್ರೆಗಳು ಸಂದರ್ಶನ ಮಾಡಿ ತಮಗೆ ಬೇಕಾದವರನ್ನು ಹಾಗೆಯೇ ಬರೆಯುತ್ತವೆ. ಕಂಪ್ಯೂಟರ್ ಎರಡನ್ನೂ ತಾಳೆ ನೋಡುತ್ತದೆ. ತಾಳೆಯಾಗದವರ ಹೆಸರಿನ ಮುಂದೆ 'ಅನ್‌ಮ್ಯಾಚ್ಡ್' ಎಂದು ಬರುತ್ತದೆ. ನಾನು ಮನೆಯಲ್ಲಿ ಇದನ್ನು ವಿವರಿಸಿದಾಗ ನಮ್ಮವರು, "ಜಾತಕ ಕೂಡಿ ಬರ್ಲಿಲ್ಲ ಅಂತ ಹೇಳು, ಇಷ್ಟುದ್ದ ಯಾಕೆ" ಎಂದರು.

ಜಾತಕ ಕೂಡದವರಿಗೆ ವಿಷಾದದ ಪತ್ರ ಕಳಿಸುವುದು ನನ್ನ ಕೆಲಸ. ಮೊದಲು ಒಂದೊಂದನ್ನೂ ಬೇರೆಬೇರೆಯಾಗಿ ಟೈಪ್ ಮಾಡುತ್ತಿದ್ದೆ. ಆ ವರ್ಷ ನನ್ನನ್ನು ಅರ್ಧ ದಿನದ ತರಬೇತಿಗೆ ಕಳಿಸಿದರು. ಒಂದೇ ಪತ್ರ ಬರೆದು, ಹೆಸರುಗಳ ಪಟ್ಟಿ ಜೋಡಿಸಿದರೆ ಕಂಪ್ಯೂಟರೇ ಎಲ್ಲರಿಗೂ ಬೇರೆಬೇರೆ ಪತ್ರ ಮಾಡಿಕೊಡುತ್ತದೆ ಎಂದು ಕಲಿಸಿದರು. ನಾನು ಹಾಗೇ ಮಾಡಿದೆ. ಲಕೋಟೆಗಳ ಮೇಲೆ ಎಲ್ಲರ ಹೆಸರೂ ಸರಿಯಾಗಿ ಬಂತು. ಒಳಗಿನ ಪತ್ರಗಳಲ್ಲಿ ಮಾತ್ರ ಪಟ್ಟಿಯ ಮೊದಲ ಹೆಸರೇ ಎಲ್ಲದರಲ್ಲೂ ಕೂತುಬಿಟ್ಟಿತ್ತು. ನಲವತ್ತು ಚಿಲ್ಲರೆ ಡಾಕ್ಟರರಿಗೆ 'ಪ್ರಿಯ ಡಾ. ಅಹ್ಮದ್' ಎಂದು ವಿಷಾದ ಹೋಯಿತು. ದೂರು ಹೇಳದವರು ಡಾ. ಅಹ್ಮದ್ ಒಬ್ಬರೇ.

ಮೂರನೆಯ ದಿನ ಮೆಲ್ಬರ್ನಿನಿಂದ ಒಬ್ಬರು ಹೆಂಗಸು ಫೋನ್ ಮಾಡಿದರು. ಅಳೆದು ತೂಗಿದ ಇಂಗ್ಲಿಷ್. ನಾನು ಡಾ. ಗುರುದೇವಿ, ಡಾ. ಅಹ್ಮದ್ ಅವರಿಗೆ ನೀವು ಬರೆದ ಪತ್ರ ತಪ್ಪಿ ನನಗೆ ಬಂದಿದೆ, ಅವರಿಗೆ ಕೆಲಸ ಸಿಗದಿದ್ದಕ್ಕೆ ನನಗೂ ಬೇಸರವಿದೆ, ನನ್ನ ಫಲಿತಾಂಶ ಯಾವಾಗ ಕಳಿಸುತ್ತೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರು ಫೋನನ್ನು ಪಕ್ಕಕ್ಕೆ ಹಿಡಿದು ಯಾರಿಗೋ, "ಒಲಿ ಸಣ್ಣ ಮಾಡ್ರಿ, ಹಾಲು ಉಕ್ಕತೈತಿ" ಎಂದರು.

"ಹಾಲು ಇಳಿಸಿ ಬನ್ನಿ ಡಾಕ್ಟ್ರೇ, ನಾನು ಲೈನಲ್ಲೇ ಇರ್ತೇನೆ" ಎಂದೆ.

ಆ ಕಡೆ ಚುಂಯ್ ಎಂದು ಸದ್ದಾಯಿತು. ಹಾಲು ಉಕ್ಕಿತೆಂದು ಕಾಣುತ್ತದೆ.

"ನೀವು ಕನ್ನಡದವರೇನ್ರೀ?" ಎಂದರು.

"ಹೌದು, ಉಡುಪಿ ಕಡೆ."

"ನಾವು ಗದಗಿನವರ್ರೀ. ಹಂಗಾದ್ರ ಒಂದ್ ಮಾತು ಖರೇ ಹೇಳ್ರಿ. ಈ ಪತ್ರ ನನಗಲ್ಲ ಅಂದ್ರ, ನನಗ ಇನ್ನೂ ಇಲ್ಲ ಅಂದಿಲ್ಲ ಅಂತ ತಿಳ್ಕೊಳ್ಳಲೇನ್ರೀ?"

ಇಂಗ್ಲಿಷಿನಲ್ಲಿ ಇಲ್ಲ ಎನ್ನುವುದಕ್ಕೆ ನನ್ನ ಬಳಿ ಅಚ್ಚಾದ ವಾಕ್ಯಗಳಿದ್ದವು. ಕನ್ನಡದಲ್ಲಿ ಒಂದೂ ಇರಲಿಲ್ಲ. "ಪತ್ರ ನಿಮ್ಗೇ ಡಾಕ್ಟ್ರೇ. ಹೆಸ್ರು ಮಾತ್ರ ತಪ್ಪು. ಆ ತಪ್ಪು ನಂದು" ಎಂದೆ. ಅವರು "ಆತ್ರೀ" ಎಂದು ಫೋನ್ ಇಟ್ಟರು.

ಫೋನ್ ಇಟ್ಟ ಮೇಲೆ ಮನಸ್ಸು ತಡೆಯದೆ ಅವರ ಫೈಲು ತೆಗೆದೆ. ಗದಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಆರು ವರ್ಷ ಹೆರಿಗೆ ಡಾಕ್ಟರಾಗಿದ್ದವರು. ಗಂಡ ಮಹಾಂತೇಶ್ ಅವರಿಗೆ ಮೆಲ್ಬರ್ನಿನಲ್ಲಿ ಕಂಪ್ಯೂಟರ್ ಕೆಲಸ, ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಇತ್ತು. ಇವರು ಎರಡೂ ಪರೀಕ್ಷೆಗಳನ್ನು ಮೊದಲ ಸಲಕ್ಕೇ ಪಾಸು ಮಾಡಿದ್ದರು. ಮೆಲ್ಬರ್ನಿನ ಯಾವ ಆಸ್ಪತ್ರೆಯೂ ಕರೆಯದೆ ಇದ್ದಾಗ ಸಿಡ್ನಿಗೂ ಅರ್ಜಿ ಹಾಕಿದ್ದರು. ನಮ್ಮಲ್ಲಿ ಸಂದರ್ಶನಕ್ಕೆ ಬಂದಿದ್ದರು, ನಾನು ಅಂದು ರಜೆಯಲ್ಲಿದ್ದೆ. ಸಂದರ್ಶನ ಮಾಡಿದವರು ನಮ್ಮ ಮೆಡಿಕಲ್ ಡೈರೆಕ್ಟರ್, ಸದಾ ಬೋ ಟೈ ಕಟ್ಟುವ ಗಂಭೀರ ಮನುಷ್ಯ. ಹಾಳೆಯ ಕೊನೆಯಲ್ಲಿ ಅವರ ಕೈಬರಹದಲ್ಲಿ ಎರಡೇ ಮಾತುಗಳಿದ್ದವು: 'ಬಹಳ ಜಾಣೆ. ಅಪಾಯಕಾರಿ.'

ಇದೇನೆಂದು ಗ್ಲೆನಿಸ್‌ಳನ್ನು ಕೇಳಿದೆ. ಸಂದರ್ಶನದಲ್ಲಿ ಅವಳೂ ಕೂತಿದ್ದಳು. ಡೈರೆಕ್ಟರ್ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವುದಂತೆ. ರೋಗಿಯ ಸ್ಥಿತಿ ಇದ್ದಕ್ಕಿದ್ದಂತೆ ಕೆಡುತ್ತಿದೆ, ವಾರ್ಡಿನಲ್ಲಿ ನೀವೊಬ್ಬರೇ, ಏನು ಮಾಡುತ್ತೀರಿ? ಗುರುದೇವಿ ಪುಸ್ತಕ ಓದಿದ ಹಾಗೆ ಒಂದೊಂದನ್ನೇ ಹೇಳುತ್ತ ಆಪರೇಷನ್ನಿನವರೆಗೂ ಹೋದರಂತೆ. ಸಹಾಯಕ್ಕೆ ಯಾವಾಗ ಕರೆಯುತ್ತೀರಿ ಎಂದು ಕೇಳಿದ್ದಕ್ಕೆ, "ಅದರ ಅಗತ್ಯ ಬೀಳುವುದಿಲ್ಲ" ಎಂದರಂತೆ. ಅಲ್ಲಿಗೆ ಮುಗಿಯಿತು. ಈ ದೇಶದಲ್ಲಿ ರೆಸಿಡೆಂಟ್ ಎಂದರೆ ಮೇಲಿನವರನ್ನು ಕರೆಯುವವನು. ಮೇಲಿನವನು ರಿಜಿಸ್ಟ್ರಾರ್ ಎಂಬ ಹಿರಿಯ ಡಾಕ್ಟರ್, ಅವನ ಮೇಲೆ ತಜ್ಞರು. ಕರೆಯದವನನ್ನು ಕಂಡರೆ ಆಸ್ಪತ್ರೆಗೆ ಹೆದರಿಕೆ.

ಮುಂದಿನ ಮಂಗಳವಾರ ಗುರುದೇವಿ ಮತ್ತೆ ಫೋನ್ ಮಾಡಿದರು. ಯಾರಾದರೂ ಬಿಟ್ಟು ಹೋದರೆ ಜಾಗ ಖಾಲಿ ಆಗುತ್ತದಲ್ಲ, ಆಗ ನನ್ನ ಹೆಸರು ನೆನಪಿರಲಿ ಎಂದರು. ಅದರ ಮುಂದಿನ ಮಂಗಳವಾರವೂ ಮಾಡಿದರು. ತಿಂಗಳುಗಳು ಹೋದವು. ಅವರು ಎಂದೂ ಗೋಳು ಹೇಳಿಕೊಳ್ಳಲಿಲ್ಲ. "ಯಾರರ ಸತ್ತಾರೇನ್ರೀ?" ಎಂದು ಶುರು ಮಾಡುವರು. "ಇಲ್ಲ ಮಾರಾಯ್ರೆ, ಎಲ್ಲ ಗಟ್ಟಿಮುಟ್ಟಾಗಿದ್ದಾರೆ" ಎಂದು ನಾನು ಹೇಳುವೆ. ಆಸ್ಪತ್ರೆಯವರು ಆರೋಗ್ಯವಾಗಿರುವುದಕ್ಕೆ ಇಬ್ಬರೂ ನಿಟ್ಟುಸಿರು ಬಿಡುವೆವು.

ಅಷ್ಟರಲ್ಲಿ ಅವರಿಗೆ ಮೆಲ್ಬರ್ನಿನಲ್ಲಿ ಒಂದು ಕೆಲಸ ಸಿಕ್ಕಿತ್ತು. ಮಸಾಜ್ ಕಲಿಸುವ ಒಂದು ಖಾಸಗಿ ಕಾಲೇಜಿನಲ್ಲಿ ಎಲುಬು, ಸ್ನಾಯುಗಳ ಪಾಠ. ಪಾಠಕ್ಕೆ ಮಾದರಿಯಾಗಿ ಯಾರೂ ಮಲಗಲು ಒಪ್ಪದಿದ್ದರೆ ಇವರೇ ಮಲಗಬೇಕಿತ್ತು. "ಇಪ್ಪತ್ತು ಮಂದಿ ನನ್ನ ಬೆನ್ನು ತಿಕ್ಕತಾರ್ರೀ. ನಾನು ಬೋರಲ ಬಿದ್ದು ಸ್ನಾಯುಗಳ ಹೆಸರು ಹೇಳ್ಕೋತ ಇರ್ತೀನಿ" ಎಂದು ಒಮ್ಮೆ ಹೇಳಿದರು. ನಾನು ನಕ್ಕೆ, ಅವರೂ ನಕ್ಕರು. ಆಮೇಲೆ ಬೇರೆಯೇ ದನಿಯಲ್ಲಿ, "ರೋಗಿ ಮೈ ಮುಟ್ಟಿ ಎರಡೂವರೆ ವರ್ಷ ಆತ್ರೀ" ಎಂದರು. ಅದರ ಅರ್ಥ ನನಗೆ ಗೊತ್ತಿತ್ತು. ವಾರ್ಡಿನಿಂದ ದೂರ ಇದ್ದಷ್ಟೂ ಅರ್ಜಿ ರಾಶಿಯ ಕೆಳಕ್ಕೆ ಇಳಿಯುತ್ತದೆ. ಇನ್ನೊಂದು ವರ್ಷ ಹೀಗೇ ಹೋದರೆ ಅವರ ಫೈಲನ್ನು ತೆರೆಯುವವರೂ ಇರುವುದಿಲ್ಲ.

ಅಂದು ನಾನು ಆಫೀಸಿನವಳು ಹೇಳಬಾರದ್ದನ್ನು ಹೇಳಿದೆ. "ಡಾಕ್ಟ್ರೇ, ನೀವು ಬುದ್ಧಿ ಕಮ್ಮಿಯಾಗಿ ಫೇಲ್ ಆದದ್ದಲ್ಲ. ರಿಜಿಸ್ಟ್ರಾರನ್ನು ಕರೀತೇನೆ ಅಂತ ಒಂದು ಮಾತು ಹೇಳ್ಲಿಲ್ಲ, ಅದಕ್ಕೆ."

"ಅಲ್ಲಿ ಯಾರನ್ನ ಕರೀಬೇಕಾಗಿತ್ರೀ?" ಎಂದರು ಅವರು. "ಆರು ವರ್ಷ ಆ ದವಾಖಾನ್ಯಾಗ ನಾ ಒಬ್ಬಾಕೀನ ಇದ್ದೆ. ನಾ ಕೂಗಿದ್ರ ನನ್ನ ದನಿ ನನಗ ಕೇಳ್ತಿತ್ತು."

ಆಮೇಲೆ ಶಿಫಾರಸಿನ ಪ್ರಸಂಗ. ಫೈಲು ಪೂರ್ತಿಯಾಗಿರಲಿ ಎಂದು ಗ್ಲೆನಿಸ್ ಗುರುದೇವಿಯವರ ಹಳೆಯ ಮೇಲಧಿಕಾರಿ, ಜಿಲ್ಲಾ ಆಸ್ಪತ್ರೆಯ ಸರ್ಜನ್‌ರಿಗೆ ಒಂದು ನಮೂನೆಯನ್ನು ಫ್ಯಾಕ್ಸ್ ಮಾಡಿದಳು. ನಿವೃತ್ತರಾಗಿ ಗದಗದಲ್ಲಿದ್ದ ಅವರು ಅದನ್ನು ತುಂಬಿ ಮಾರನೆಯ ದಿನವೇ ಕಳಿಸಿದರು. ಹಾಳೆಯ ನೆತ್ತಿಯಲ್ಲಿ ಫ್ಯಾಕ್ಸ್ ಬಂದ ಅಂಗಡಿಯ ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು: ಬಳೆ, ಫ್ಯಾನ್ಸಿ ಐಟಂ, ಎಸ್‌ಟಿಡಿ, ಜೆರಾಕ್ಸ್. ಗ್ಲೆನಿಸ್ ಕನ್ನಡಕ ಏರಿಸಿ ಅದನ್ನು ಓದಿ, ಈ ಆಸ್ಪತ್ರೆಯಲ್ಲಿ ಬಳೆಗಳಿಗೂ ಒಂದು ವಿಭಾಗ ಇದೆಯೇ ಎಂದು ಕೇಳಿದಳು. ನಾನು ಊರಿನ ಫ್ಯಾಕ್ಸ್ ವ್ಯವಸ್ಥೆಯನ್ನು ವಿವರಿಸುವುದರಲ್ಲಿ ಅವಳ ಚಹಾ ಆರಿತು.

ಬಳೆಗಿಂತ ದೊಡ್ಡ ತೊಂದರೆ ಒಳಗಿತ್ತು. ಸರ್ಜನ್ ಬರೆದಿದ್ದರು: 'ಈಕೆ ಆರು ವರ್ಷಗಳಲ್ಲಿ ಒಮ್ಮೆಯೂ ನನಗೆ ತೊಂದರೆ ಕೊಟ್ಟವಳಲ್ಲ. ಯಾವ ಹೊತ್ತಿನಲ್ಲೂ ಕರೆದವಳಲ್ಲ.' ಅವರು ಬರೆಯಬಹುದಾದ ಅತಿ ದೊಡ್ಡ ಹೊಗಳಿಕೆ ಅದು. ಗ್ಲೆನಿಸ್ ಅದರ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು, ಡೈರೆಕ್ಟರ್ ಹೇಳಿದ್ದು ಸರಿ ಎಂದಳು.

ನಾನು ಸಾಮಾನ್ಯವಾಗಿ ಅವಳೊಂದಿಗೆ ವಾದ ಮಾಡುವವಳಲ್ಲ. ಅಂದು ಮಾಡಿದೆ. ಆ ಸರ್ಜನ್ ಇದ್ದ ಆಸ್ಪತ್ರೆ ಎಷ್ಟು ದೂರ, ನಡುವೆ ಎಂಥ ರಸ್ತೆ, ಇಂಥ ಊರಿನಲ್ಲಿ ಮೇಲಿನವರನ್ನು ಕರೆಯದೆ ರೋಗಿಯನ್ನು ಉಳಿಸುವುದನ್ನೇ ಒಳ್ಳೆಯ ಡಾಕ್ಟರಿಕೆ ಅನ್ನುತ್ತಾರೆ ಎಂದೆ. ಗ್ಲೆನಿಸ್ ಕೇಳಿಸಿಕೊಂಡಳು. ತಾನು ಹರೆಯದಲ್ಲಿ ಒಳನಾಡಿನ ಕುರಿಸಾಕಣೆಯ ಊರೊಂದರಲ್ಲಿ ನರ್ಸ್ ಆಗಿದ್ದಾಗ, ಡಾಕ್ಟರ್ ವಿಮಾನದಲ್ಲಿ ಬರುವುದರೊಳಗೆ ಎರಡು ಹೆರಿಗೆ ತಾನೇ ಮಾಡಿಸಿದ್ದನ್ನು ಹೇಳಿದಳು. ಅದುವರೆಗೆ ಅವಳು ಅದನ್ನು ನನಗೆ ಹೇಳಿರಲಿಲ್ಲ. ಆಮೇಲೆ ರಬ್ಬರ್ ತೆಗೆದು ಆ ಎರಡು ಗೆರೆಗಳನ್ನು ಅಳಿಸಿದಳು.

ಜಾಗ ಖಾಲಿಯಾದದ್ದು ಫೆಬ್ರವರಿಯಲ್ಲಿ. ಒಬ್ಬ ರೆಸಿಡೆಂಟ್ ಪ್ರೀತಿಗಾಗಿ ಕ್ವೀನ್ಸ್‌ಲ್ಯಾಂಡಿಗೆ ಹೋಗುತ್ತೇನೆ ಎಂದು ರಾಜೀನಾಮೆ ಬರೆದುಕೊಟ್ಟ. ಕಾರಣದ ಜಾಗದಲ್ಲಿ ಪ್ರೀತಿ ಎಂದೇ ಬರೆದಿದ್ದ. ಈಸ್ಟರ್ ಕಳೆದ ಮೇಲೆ ಮೂರು ತಿಂಗಳ ಜಾಗ, ಹೆರಿಗೆ ವಾರ್ಡಿನಲ್ಲಿ. ಗುರುವಾರ ಸಂದರ್ಶನ ಮುಗಿಸಿ ಶುಕ್ರವಾರದೊಳಗೆ ಹೆಸರು ಕೊಡದಿದ್ದರೆ ಜಾಗವನ್ನು ಬೇರೆ ಆಸ್ಪತ್ರೆಗೆ ಕೊಡುತ್ತೇವೆ ಎಂದು ಮೇಲಿನಿಂದ ಹೇಳಿದರು. ಅಂದು ಬುಧವಾರ. ಗ್ಲೆನಿಸ್ ನನ್ನ ಮುಖ ನೋಡಿ, "ನಿನ್ನ ಬಳೆ ಡಾಕ್ಟರನ್ನು ಕರಿ" ಎಂದಳು.

ನಾನು ಫೋನ್ ಮಾಡಿದಾಗ ಅವರು ತರಗತಿಯ ಮಧ್ಯದಲ್ಲಿ ಬೋರಲು ಮಲಗಿದ್ದರು. ವಿಷಯ ಕೇಳಿ ಎದ್ದು, ಬೆನ್ನಿಗೆ ಹಚ್ಚಿದ ಎಣ್ಣೆಯ ಸಮೇತ ಮನೆಗೆ ಹೋಗಿ ಪ್ರಮಾಣಪತ್ರಗಳನ್ನು ತೆಗೆದುಕೊಂಡು ಸಂಜೆಯ ವಿಮಾನಕ್ಕೆ ಬಂದರು. ಉಳಿದುಕೊಂಡದ್ದು ನಮ್ಮ ಯುನಿಟ್‌ನಲ್ಲೇ. ಎತ್ತರದ ಹೆಂಗಸು, ಅಗಲ ಹೆಜ್ಜೆ. ಊಟ ಮಾಡುವಾಗ ನಾನು ಪಾಠ ಶುರು ಮಾಡಿದೆ. ಡೈರೆಕ್ಟರ್ ಏನೇ ಕೇಳಲಿ, ಮೊದಲ ವಾಕ್ಯ 'ರಿಜಿಸ್ಟ್ರಾರನ್ನು ಕರೆಯುತ್ತೇನೆ'. ನಮ್ಮವರು ಡೈರೆಕ್ಟರ್ ಆಗಿ ಕೂತು ಪ್ರಶ್ನೆ ಕೇಳಿದರು. ಅವರಿಗೆ ಗೊತ್ತಿದ್ದದ್ದು ಯಂತ್ರಗಳ ವಿಷಯ. ಬಾಯ್ಲರ್ ಒಡೆದರೆ ಏನು ಮಾಡುತ್ತೀರಿ ಎಂದರು. ಗುರುದೇವಿ ಒಂದು ಕ್ಷಣವೂ ತಡೆಯದೆ, ರಿಜಿಸ್ಟ್ರಾರನ್ನು ಕರೆಯುತ್ತೇನೆ ಎಂದರು. ಪಾಠ ಹತ್ತಿದೆ ಎಂದು ಮಲಗಿದೆವು.

ಪಾಠ ಅತಿಯಾಗಿ ಹತ್ತಿತ್ತು. ಮಾರನೆಯ ದಿನ ಸಂದರ್ಶನದ ಕೋಣೆಯಲ್ಲಿ ನಾನು ಟಿಪ್ಪಣಿ ಬರೆದುಕೊಳ್ಳಲು ಮೂಲೆಯಲ್ಲಿ ಕೂತಿದ್ದೆ. ಜ್ವರ ಬಂದ ಬಾಣಂತಿ, ರಿಜಿಸ್ಟ್ರಾರನ್ನು ಕರೆಯುತ್ತೇನೆ. ಕೋಪಗೊಂಡ ಗಂಡ, ರಿಜಿಸ್ಟ್ರಾರನ್ನು ಕರೆಯುತ್ತೇನೆ. ಈ ಆಸ್ಪತ್ರೆಯನ್ನೇ ಯಾಕೆ ಆರಿಸಿಕೊಂಡಿರಿ ಎಂಬುದಕ್ಕೂ ಬಾಯಿ 'ರಿಜಿ...' ಎಂದು ಶುರು ಮಾಡಿ ನಿಂತಿತು. ಡೈರೆಕ್ಟರ್ ತಮ್ಮ ಬೋ ಟೈಯನ್ನು ಎರಡು ಸಲ ಸರಿಮಾಡಿಕೊಂಡರು. ಇವರನ್ನು ಕೆಡಿಸಿದವಳು ನಾನೇ ಎನಿಸಿತು.

ಕೊನೆಗೆ ಡೈರೆಕ್ಟರ್ ಮುಂದಕ್ಕೆ ಬಾಗಿ ಕೇಳಿದರು. ರಿಜಿಸ್ಟ್ರಾರ್ ಫೋನ್ ಎತ್ತದಿದ್ದರೆ?

"ತಜ್ಞರನ್ನು ಕರೆಯುತ್ತೇನೆ."

"ಅವರೂ ಎತ್ತದಿದ್ದರೆ?"

"ನಿಮ್ಮನ್ನು ಕರೆಯುತ್ತೇನೆ, ಸರ್."

"ನಾನೂ ಎತ್ತದಿದ್ದರೆ?"

ಇದು ನಮ್ಮ ಪಾಠದಲ್ಲಿ ಇರಲಿಲ್ಲ. ಗುರುದೇವಿ ನನ್ನ ಕಡೆ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತರು. "ಆಗ ನಾನೇ ಮಾಡುತ್ತೇನೆ, ಸರ್. ಮಾಡಿ ಮುಗಿಸಿ, ನೀವು ಮೂವರೂ ಎತ್ತಲಿಲ್ಲ ಎಂದು ಗಂಟೆ ನಿಮಿಷ ಸಹಿತ ಬರೆದಿಡುತ್ತೇನೆ" ಎಂದರು.

ಗ್ಲೆನಿಸ್ ಕೆಮ್ಮುವ ನೆಪದಲ್ಲಿ ಕರ್ಚೀಫು ಬಾಯಿಗೆ ಒತ್ತಿಕೊಂಡಳು. ಡೈರೆಕ್ಟರ್ ನಗಲಿಲ್ಲ. ಅವರು ನಕ್ಕದ್ದನ್ನು ನಾನು ಕಂಡಿಲ್ಲ. ಆದರೆ ಹಾಳೆಯ ಮೇಲೆ ಏನೋ ಬರೆದು, ಮಡಚದೆ, ನನಗೆ ಕಾಣುವ ಹಾಗೆಯೇ ಮೇಜಿನ ಮೇಲೆ ಬಿಟ್ಟು ಎದ್ದುಹೋದರು. 'ತೆಗೆದುಕೊಳ್ಳಿ' ಎಂದಿತ್ತು.

ಅಧಿಕೃತವಾಗಿ ಹೇಳುವ ಹಕ್ಕು ನನಗೆ ಬಂದದ್ದು ಶುಕ್ರವಾರ ಮಧ್ಯಾಹ್ನ. ಅಷ್ಟರಲ್ಲಿ ಅವರು ಮೆಲ್ಬರ್ನಿಗೆ ಮರಳಿದ್ದರು. ಫೋನಿನಲ್ಲಿ ಹೇಳಿದೆ. "ಸ್ಟೆತಾಸ್ಕೋಪು ಅವರ ಕೊಡ್ತಾರೇನ್ರೀ, ನಾವ ತರಬೇಕೇನ್ರೀ? ನಂದು ಗದಗದಾಗ ಐತಿ" ಎಂದರು. ತರಬೇಕು ಎಂದೆ.

ಗಂಡ ಮೆಲ್ಬರ್ನಿನಲ್ಲಿ, ಇವರು ನಮ್ಮ ಆಸ್ಪತ್ರೆಯ ಹಿಂದಿನ ಸಿಬ್ಬಂದಿ ಕೋಣೆಯಲ್ಲಿ. ಮೊದಲ ತಿಂಗಳು ರಿಜಿಸ್ಟ್ರಾರ್‌ಗಳು ನನ್ನ ಬಳಿ ಬಂದು ದೂರಿದರು, ಈ ಡಾಕ್ಟರ್ ಎಲ್ಲದಕ್ಕೂ ಕರೆಯುತ್ತಾರೆ ಎಂದು. ನಾನು ಕಂಪ್ಯೂಟರ್ ನೋಡುತ್ತಾ ಕೂತೆ.

ಎರಡನೆಯ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಅದು ನಡೆಯಿತು. ಹೆರಿಗೆಯಾಗಿ ಒಂದು ಗಂಟೆ ಕಳೆದ ಹೆಂಗಸಿಗೆ ರಕ್ತಸ್ರಾವ ಶುರುವಾಯಿತು. ರಿಜಿಸ್ಟ್ರಾರ್ ಇನ್ನೊಂದು ತುರ್ತು ಆಪರೇಷನ್ನಿನಲ್ಲಿ ಇದ್ದ. ತಜ್ಞರು ಕಾರಿನಲ್ಲಿ ಎಲ್ಲೋ ಸುರಂಗದೊಳಗೆ. ಡೈರೆಕ್ಟರ್ ಮೊಮ್ಮಗನ ನಾಮಕರಣಕ್ಕೆ ಚರ್ಚಿನಲ್ಲಿ, ಫೋನ್ ಬಂದ್. ಗುರುದೇವಿಯವರ ಎರಡೂ ಕೈಗಳು ರೋಗಿಯ ಗರ್ಭಕೋಶವನ್ನು ಒತ್ತಿ ಹಿಡಿದಿದ್ದವು. ನರ್ಸ್ ಒಬ್ಬಳು ನಂಬರ್ ಒತ್ತಿ ಫೋನನ್ನು ಅವರ ಕಿವಿಗೆ ಹಿಡಿಯುತ್ತಿದ್ದಳು. ಇನ್ನೊಬ್ಬಳು ಅವರು ಹೇಳಿದ ಔಷಧಿ ಕೊಡುತ್ತ, ರಕ್ತ ತರಿಸುತ್ತ, ಹೇಳಿದ್ದನ್ನು ಬರೆದುಕೊಳ್ಳುತ್ತ ಇದ್ದಳು. ರಿಜಿಸ್ಟ್ರಾರ್ ಓಡಿ ಬರುವವರೆಗೆ, ಸುಮಾರು ಇಪ್ಪತ್ತು ನಿಮಿಷ, ಅವರು ಕೈ ಬಿಡಲಿಲ್ಲ. ಬರುವ ಹೊತ್ತಿಗೆ ರಕ್ತ ನಿಂತಿತ್ತು. ಆ ತಾಯಿ ಗುರುವಾರ ಮಗುವನ್ನು ಎತ್ತಿಕೊಂಡು ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ಡೈರೆಕ್ಟರ್ ಆ ದಾಖಲೆಯ ಹಾಳೆಯನ್ನು ಹಿಡಿದು ನಮ್ಮ ಆಫೀಸಿಗೆ ಬಂದರು. ಗುರುದೇವಿಯ ಕೆಲಸ ಹೋಯಿತು ಎಂದುಕೊಂಡೆ. ಅವರು ನಿಂತುಕೊಂಡೇ ಗಟ್ಟಿಯಾಗಿ ಓದಿದರು. ರಿಜಿಸ್ಟ್ರಾರ್, ಉತ್ತರವಿಲ್ಲ. ತಜ್ಞರು, ಉತ್ತರವಿಲ್ಲ. ಡೈರೆಕ್ಟರ್, ಉತ್ತರವಿಲ್ಲ. ಆರಂಭಿಸಿದೆ. ಪ್ರತಿಯೊಂದರ ಮುಂದೆ ಸಮಯ ಇತ್ತು, ಎಲ್ಲವೂ ಮೂರು ನಿಮಿಷದೊಳಗೆ.

ಓದಿ ಮುಗಿಸಿ, ಭಾನುವಾರಗಳಲ್ಲಿ ಇನ್ನೊಬ್ಬ ತಜ್ಞರ ಹೆಸರು ಪಟ್ಟಿಯಲ್ಲಿ ಯಾಕಿಲ್ಲ ಎಂದು ನನ್ನನ್ನು ಕೇಳಿದರು. ಉತ್ತರ ಕೊಟ್ಟದ್ದು ಗ್ಲೆನಿಸ್, ತಲೆ ಎತ್ತದೆ, ಪೆನ್ಸಿಲು ನಿಲ್ಲಿಸದೆ. "ಒಂಬತ್ತು ವರ್ಷದಿಂದ ಕೇಳುತ್ತಿದ್ದೇನೆ." ಆ ವಾರದಿಂದ ಎರಡನೆಯ ಹೆಸರು ಬಂತು.

ಮೂರು ತಿಂಗಳು ಮುಗಿಯಲು ಹತ್ತು ದಿನ ಇರುವಾಗ ಗ್ಲೆನಿಸ್ ಯಾರನ್ನೂ ಕೇಳದೆ ಗುರುದೇವಿಯವರ ಹೆಸರನ್ನು ಮುಂದಿನ ಪೂರ್ತಿ ವರ್ಷದ ಹಾಳೆಯಲ್ಲಿ ಬರೆದಳು. ಡೈರೆಕ್ಟರ್ ಸಹಿ ಹಾಕಿದರು. ಮಹಾಂತೇಶ್ ಸಿಡ್ನಿಯಲ್ಲಿ ಕೆಲಸ ಹುಡುಕಿಕೊಂಡರು. ಈಗ ಇಬ್ಬರೂ ಮೆಲ್ಬರ್ನಿಗೆ ಮರಳಿದ್ದಾರೆ, ಕ್ಲೈಡ್ ನಾರ್ತ್‌ನಲ್ಲಿ ಮನೆ, ಅಲ್ಲಿಯೇ ಗುರುದೇವಿಯವರ ಕ್ಲಿನಿಕ್. ಆದರೆ ನನಗೆ ನೆನಪಿರುವುದು ಆ ವರ್ಷದ ಒಂದು ಬೆಳಗು, ಹೊಸ ರೋಸ್ಟರ್ ಗೋಡೆಗೆ ಅಂಟಿಸಿ ಒಂದು ಗಂಟೆಯೂ ಆಗಿರಲಿಲ್ಲ. ಫೋನ್ ಬಂತು.

"ಜಲಜಕ್ಕಾ, ಏನ್ರೀ ಇದು?" ಗುರುದೇವಿಯವರ ದನಿ ಕಾದಿತ್ತು. "ನನಗ ಸತತ ಎರಡು ವೀಕೆಂಡ್ ಹಾಕೀರಿ. ನಮ್ಮ ಮನೀಯವರ ಅಕ್ಕ ಬರಾಕತ್ತಾರ. ನಾ ಮನುಷ್ಯಾಳ ಅಲ್ಲೇನು?"

"ಆಗುದಿಲ್ಲ ಡಾಕ್ಟ್ರೇ. ರೋಸ್ಟರ್ ಅಂಟಿಸಿ ಆಯ್ತು."

"ಇದು ಅನ್ಯಾಯ ಐತಿ. ನಾ ಡೈರೆಕ್ಟರ್‌ಗೆ ಬರೀತೀನಿ."

"ಬರೀರಿ."

ಅವರು ಫೋನ್ ಕುಕ್ಕಿದರು. ಮಂಗಳವಾರಕ್ಕೊಮ್ಮೆ ಜಾಗ ಕೇಳುತ್ತಿದ್ದವರು ಈಗ ಆಸ್ಪತ್ರೆಯ ಉಳಿದ ಎಲ್ಲ ಡಾಕ್ಟರರೂ ಕುಕ್ಕುವ ಹಾಗೆಯೇ ಕುಕ್ಕಿದರು. ನಾನು ಗ್ಲೆನಿಸ್ ಕಡೆ ತಿರುಗಿ, ಡಾ. ಗುರುದೇವಿ ರೋಸ್ಟರ್ ಬಗ್ಗೆ ದೂರು ಕೊಡುತ್ತಾರಂತೆ ಎಂದೆ. ಗ್ಲೆನಿಸ್ ಪೆನ್ಸಿಲು ಕೆಳಗಿಟ್ಟಳು. ಎದ್ದು ಕ್ಯಾಂಟೀನಿಗೆ ಹೋಗಿ ಎರಡು ಲ್ಯಾಮಿಂಗ್ಟನ್ ಕೇಕು ತಂದಳು, ದೊಡ್ಡದನ್ನು ನನಗೆ ಕೊಟ್ಟಳು.